ಬಾಲ್ಕನಿಯ ಕುಂಡದಲ್ಲಿ ಕೃಷ್ಣಕಮಲ

ಕೃಷ್ಣಕಮಲ, ಕೌರವ-ಪಾಂಡವ ಹೂವು, ಗಡಿಯಾರದ ಹೂವು ಎಂದೆಲ್ಲ ಕರೆಸಿಕೊಳ್ಳುವ ಬಳ್ಳಿಗಳು ಪ್ಯಾಸಿಫ್ಲೋರಾ ಕುಲಕ್ಕೆ ಸೇರಿದವು. ಈ ಕುಲದಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳಿದ್ದು, ಹೆಚ್ಚಿನವುಗಳ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಕೊಡಗಿನ ಮನೆಗಳಲ್ಲಿ ಶರಬತ್ತಿಗೆ ಬಳಕೆಯಾಗುವ ಪ್ಯಾಷನ್ ಫ್ರೂಟ್ ಕೂಡ ಇದೇ ಕುಲದ್ದು. ಮಲೆನಾಡಿನಲ್ಲಿ ಬೇಲಿಗೆ, ಚಪ್ಪರಕ್ಕೆ, ಒಮ್ಮೊಮ್ಮೆ ಮಾವಿನ ಮರದ ತುದಿಗೂ ಹಬ್ಬುವ ಈ ಬಳ್ಳಿ ನಗರದ ಬಾಲ್ಕನಿಯಲ್ಲಿ ಒಂದು ಕುಂಡದೊಳಗೂ ಬಾಳಬಲ್ಲದು, ಹೂ ಬಿಡಬಲ್ಲದು, ಸರಿಯಾದ ಬಗೆಯನ್ನು ಆರಿಸಿದರೆ ಹಣ್ಣೂ ಕೊಡಬಲ್ಲದು. ಆದರೆ ಆಯ್ಕೆ ಶುರುವಾಗಬೇಕಾದದ್ದು ನರ್ಸರಿಯಲ್ಲಿ ಅರಳಿದ ಹೂವಿನ ಬಣ್ಣದಿಂದಲ್ಲ, ಬಾಲ್ಕನಿಗೆ ಬೀಳುವ ಬಿಸಿಲಿನಿಂದ. ಕುಂಡದ ಕೃಷ್ಣಕಮಲ ಹೂ ಬಿಡಲಿಲ್ಲ ಎಂಬ ದೂರುಗಳಲ್ಲಿ ಬಹುಪಾಲಿಗೆ ಉತ್ತರ ಗೊಬ್ಬರದ ಚೀಲದಲ್ಲಿ ಇರುವುದಿಲ್ಲ, ಬಾಲ್ಕನಿಯ ದಿಕ್ಕಿನಲ್ಲಿರುತ್ತದೆ.

ಹೂವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮುಂದೆ ಹೇಳುವ ಆರೈಕೆಯ ಎಷ್ಟೋ ಮಾತು ಅದರ ರಚನೆಯಿಂದಲೇ ಅರ್ಥವಾಗುತ್ತದೆ. ಹೊರಸುತ್ತಿನಲ್ಲಿ ಐದು ಪುಷ್ಪಪತ್ರಗಳು, ಐದು ಎಸಳುಗಳು. ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯವಾದ್ದರಿಂದ ಹತ್ತು ಎಸಳಿನ ಹೂವಿನಂತೆ ಕಾಣುತ್ತದೆ. ಅದರ ಮೇಲೆ ಸುತ್ತಲೂ ಹರಡಿದ ತೆಳು ಎಳೆಗಳ ವರ್ತುಲ, ಬುಡದಲ್ಲಿ ಗಾಢ ನೇರಳೆ, ತುದಿಯಲ್ಲಿ ಬಿಳಿ ಇಲ್ಲವೇ ನೀಲಿ. ನಡುವಿನಿಂದ ಒಂದು ಕಂಬ ಎದ್ದು ನಿಂತಿರುತ್ತದೆ. ಕಂಬದ ಮೇಲೆ ಐದು ಕೇಸರಗಳು ಕೊಡೆಯ ಕಡ್ಡಿಗಳಂತೆ ಹೊರಚಾಚಿ, ಪರಾಗಕೋಶಗಳನ್ನು ಕೆಳಮುಖವಾಗಿ ಹಿಡಿದಿರುತ್ತವೆ. ಅವುಗಳ ಮೇಲೆ ಹಸಿರು ಗುಂಡಿಯಂಥ ಅಂಡಾಶಯ, ಅದರ ನೆತ್ತಿಯಿಂದ ಹೊರಟ ಮೂರು ಶಲಾಕೆಗಳು. ಎಳೆಗಳನ್ನು ನೂರು ಕೌರವರೆಂದೂ ಕೇಸರಗಳನ್ನು ಪಂಚಪಾಂಡವರೆಂದೂ ಮೂರು ಶಲಾಕೆಗಳನ್ನು ತ್ರಿಮೂರ್ತಿಗಳೆಂದೂ ನಮ್ಮ ಜನ ಗುರುತಿಸಿದ್ದಾರೆ. ಇದೇ ಅಂಗಗಳಲ್ಲಿ ದಕ್ಷಿಣ ಅಮೆರಿಕಕ್ಕೆ ಹೋದ ಸ್ಪೇನಿನ ಪಾದ್ರಿಗಳು ಏಸುವಿನ ಮುಳ್ಳಿನ ಕಿರೀಟ, ಐದು ಗಾಯ, ಮೂರು ಮೊಳೆಗಳನ್ನು ಕಂಡರು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕುಲಕ್ಕೆ ಕೊಟ್ಟ ಪ್ಯಾಸಿಫ್ಲೋರಾ, ಅಂದರೆ ಯಾತನೆಯ ಹೂವು ಎಂಬ ಹೆಸರು ಆ ನಂಬಿಕೆಯನ್ನೇ ಉಳಿಸಿಕೊಂಡಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ನಾಡುಗಳ ಭಕ್ತರು ಒಂದೇ ಹೂವನ್ನು ಅಂಗಅಂಗವಾಗಿ ಎಣಿಸಿ ತಮ್ಮ ತಮ್ಮ ಕಥೆಯನ್ನು ಅದರಲ್ಲಿ ಓದಿಕೊಂಡದ್ದು ಈ ಹೂವಿಗಿರುವ ಸೆಳೆತಕ್ಕೆ ಸಾಕ್ಷಿ.

ಮನೆಯಲ್ಲಿ ಬೆಳೆಸಲು ಸಿಗುವ ಬಗೆಗಳನ್ನು ಹೂವಿನವು, ಹಣ್ಣಿನವು ಎಂದು ಮೊದಲೇ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ನೀಲಿ ಹೂವಿನ ಪ್ಯಾಸಿಫ್ಲೋರಾ ಸೆರೂಲಿಯಾ ಬ್ರೆಜಿಲಿನ ದಕ್ಷಿಣ ಭಾಗ, ಅರ್ಜೆಂಟೀನಾ ಕಡೆಯದು. ಚಳಿಗೆ ಜಗ್ಗದ ಈ ಬಳ್ಳಿ ಇಂಗ್ಲೆಂಡಿನಲ್ಲೂ ಮನೆಗೋಡೆಗಳ ಮೇಲೆ ಹಬ್ಬುತ್ತದೆ. ಬೇರಿಗೆ ಜಾಗ ಇಕ್ಕಟ್ಟಾದರೂ ಹೂ ಬಿಡುವುದನ್ನು ನಿಲ್ಲಿಸುವುದಿಲ್ಲ, ಬದಲಿಗೆ ಹೆಚ್ಚಿಸುತ್ತದೆ. ಹಾಗಾಗಿ ಕುಂಡಕ್ಕೆ ಹೇಳಿ ಮಾಡಿಸಿದ್ದು. ಉತ್ತರ ಅಮೆರಿಕದ ಇನ್‌ಕಾರ್ನಾಟಾ ಮತ್ತು ಅದರ ಸಂಕರಗಳು ನಸುನೇರಳೆ, ಗುಂಗುರು ಎಳೆಗಳ ದೊಡ್ಡ ಹೂ ಬಿಡುತ್ತವೆ. ಕೆಂಪು ಹೂವಿನ ವಿಟಿಫೋಲಿಯಾ, ಕಾಕ್ಸಿನಿಯಾ ಬಗೆಗಳು ಸೆಕೆನಾಡಿನವು. ಕರಾವಳಿಯ ಬಾಲ್ಕನಿಗಳಿಗೆ ಒಗ್ಗುತ್ತವೆ. ಹಣ್ಣಿಗೆಂದು ಮುಖ್ಯವಾಗಿ ಬೆಳೆಯುವುದು ಎಡುಲಿಸ್ ಎಂಬ ಒಂದೇ ಪ್ರಭೇದದ ನೇರಳೆ ಮತ್ತು ಹಳದಿ ಬಗೆಗಳನ್ನು. ಇವೆರಡರ ಸಂಕರವಾದ ‘ಕಾವೇರಿ’ ತಳಿಯನ್ನು ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಬಿಡುಗಡೆ ಮಾಡಿದೆ. ಹಣ್ಣಿನ ಬಗೆಗಳ ಹೂವೂ ಸುಂದರವೇ: ಬಿಳಿ ಎಸಳು, ನೇರಳೆ ಬುಡದ ಗುಂಗುರು ಎಳೆಗಳು, ಹಿತವಾದ ಪರಿಮಳ. ಒಂದೇ ಕುಂಡಕ್ಕೆ ಜಾಗವಿರುವವರು ಹಣ್ಣಿನ ಬಳ್ಳಿಯನ್ನೇ ಆರಿಸಿಕೊಂಡರೆ ಎರಡೂ ಸಿಕ್ಕಂತಾಗುತ್ತದೆ. ಬೇಲಿಸಾಲಿನಲ್ಲಿ ತಾನಾಗಿ ಹಬ್ಬುವ, ಅಂಟುಅಂಟಾದ ಬಲೆಯಂಥ ಹೊದಿಕೆಯೊಳಗೆ ಕಾಯಿ ಅಡಗಿಸಿಕೊಳ್ಳುವ ಕುಕ್ಕಿಬಳ್ಳಿಯೂ ಇದೇ ಕುಲದ ಸದಸ್ಯ. ಅದನ್ನು ಕುಂಡಕ್ಕೆ ತರುವ ಅಗತ್ಯವಿಲ್ಲ. ಕ್ವಾಡ್ರಾಂಗ್ಯುಲಾರಿಸ್ ಎಂಬ ಭಾರಿ ಕಾಯಿಯ ಬಗೆ ಚಪ್ಪರವನ್ನೇ ಬೇಡುತ್ತದೆ, ಬಾಲ್ಕನಿಗೆ ಸಲ್ಲದು.

ನೇರಳೆಯೋ ಹಳದಿಯೋ ಎಂಬುದನ್ನು ಊರಿನ ಎತ್ತರ ತೀರ್ಮಾನಿಸುತ್ತದೆ. ನೇರಳೆ ಬಗೆ ತಂಪು ಬಯಸುವ ಗುಡ್ಡನಾಡಿನ ಬಳ್ಳಿ. ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಅದಕ್ಕೆ ತವರಿನ ಹವೆ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಬೆಂಗಳೂರಿನಲ್ಲೂ ವರ್ಷದ ಹೆಚ್ಚಿನ ಕಾಲ ನೆಮ್ಮದಿಯಾಗಿರುತ್ತದೆ. ಆದರೆ ಉಷ್ಣತೆ 30 ಡಿಗ್ರಿ ದಾಟಿದ ದಿನಗಳಲ್ಲಿ ಅದರ ಮೊಗ್ಗು ಕಡಿಮೆಯಾಗುತ್ತದೆ. ಏಪ್ರಿಲ್‌ನಲ್ಲಿ ಬಳ್ಳಿ ಬರೀ ಎಲೆ ಹೊತ್ತು ನಿಂತಿದ್ದರೆ ಗಾಬರಿಪಡಬೇಕಿಲ್ಲ. ಹಳದಿ ಬಗೆಗೆ ಸೆಕೆ, ತೇವ ಎರಡೂ ಇಷ್ಟ. ಮಂಗಳೂರು, ಉಡುಪಿ, ಕಾರವಾರದವರು ಅದನ್ನೇ ಆರಿಸಬೇಕು. ಬಯಲುಸೀಮೆಯ ಒಣಸೆಕೆ ಎರಡಕ್ಕೂ ಕಷ್ಟದ್ದು. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಮಧ್ಯಾಹ್ನ ನೆರಳುಬಲೆ ಕಟ್ಟದೆ ಕುಂಡದ ಬಳ್ಳಿಯನ್ನು ಉಳಿಸಿಕೊಳ್ಳುವುದು ದುಸ್ತರ.

ಬಿಸಿಲಿನ ಲೆಕ್ಕ ಇದಕ್ಕಿಂತ ಮುಖ್ಯ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬಿದ್ದರೆ ಬಳ್ಳಿ ತುಂಬ ಹೂ ಬಿಡುತ್ತದೆ. ನಾಲ್ಕು ಗಂಟೆಗೆ ಇಳಿದರೆ ಹೂವೂ ಇಳಿಯುತ್ತದೆ. ಅದಕ್ಕೂ ಕಡಿಮೆಯಾದರೆ ಸೊಂಪಾದ ಎಲೆಯಷ್ಟೇ ಲಾಭ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ನಡುಹಗಲಿನ ಸೂರ್ಯ ಆಗಸ್ಟ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ನೆತ್ತಿಗಿಂತ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್‌ನಲ್ಲಿ ದಿಗಂತದಿಂದ 53 ಡಿಗ್ರಿಯಷ್ಟೇ ಮೇಲೇರುವುದರಿಂದ ದಕ್ಷಿಣದ ಬಾಲ್ಕನಿಯೊಳಗೆ ಬಿಸಿಲು ಚೆನ್ನಾಗಿ ಹರಿದುಬರುತ್ತದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಗೆ ಬಂದು ಉತ್ತರಕ್ಕೆ ದಾಟುತ್ತಾನೆ, ಆಗಸ್ಟ್ 18ರ ಹೊತ್ತಿಗೆ ಮತ್ತೆ ದಕ್ಷಿಣಕ್ಕೆ ಮರಳುತ್ತಾನೆ. ಉತ್ತರದ ಬಾಲ್ಕನಿಗೆ ಬಿಸಿಲಿನ ಪಾಲು ಸಿಗುವುದು ಮುಖ್ಯವಾಗಿ ಈ ತಿಂಗಳುಗಳಲ್ಲೇ. ಆಗಲೂ ನೆತ್ತಿಯ ಬಿಸಿಲನ್ನು ಮೇಲಿನ ಮಹಡಿಯ ಚಾವಣಿ ತಡೆಯುತ್ತದೆ, ಉಳಿದದ್ದನ್ನು ಮುಂಗಾರಿನ ಮೋಡ ನುಂಗುತ್ತದೆ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿ ಇರುವವರು ಈ ಬಳ್ಳಿಯ ಆಸೆ ಬಿಡುವುದೇ ಸರಿ. ಪೂರ್ವದ ಬಾಲ್ಕನಿ ನೇರಳೆ ಬಗೆಗೆ ಉತ್ತಮ. ಪಶ್ಚಿಮದ್ದು ಹಳದಿಗೆ, ಕೆಂಪಿಗೆ ನಡೆಯುತ್ತದೆ. ಆದರೆ ಬಿಸಿಲಿಗೆ ಕಾದ ಗೋಡೆ ಸಂಜೆಯಾದ ಮೇಲೂ ಬಿಸಿಯನ್ನು ಹೊರಸೂಸುತ್ತಲೇ ಇರುವುದರಿಂದ ಕುಂಡವನ್ನು ಗೋಡೆಯಿಂದ ಒಂದು ಅಡಿಯಾದರೂ ದೂರ ಇಡಬೇಕು. ದಿಕ್ಕು ಯಾವುದಾದರೂ ಬಳ್ಳಿಯನ್ನು ಬಾಲ್ಕನಿಯ ಹೊರ ಅಂಚಿನ ಕಂಬಿಯ ಉದ್ದಕ್ಕೂ ಹಬ್ಬಿಸಬೇಕು, ಒಳಗೋಡೆಗಲ್ಲ. ಎರಡು ಅಡಿ ಒಳಗೆ ಸರಿದರೆ ಬಿಸಿಲು ಅರ್ಧಕ್ಕರ್ಧ ಕಡಿಮೆಯಾಗುವ ಬಾಲ್ಕನಿಗಳೇ ಹೆಚ್ಚು.

ಕುಂಡದ ಅಳತೆಯಲ್ಲಿ ಜಿಪುಣತನ ಕೂಡದು. ಹೂವಿನ ಬಗೆಗಳಿಗೆ 12ರಿಂದ 14 ಇಂಚು ಅಗಲ, ಅಷ್ಟೇ ಆಳದ ಕುಂಡ ಸಾಕು. ಹಣ್ಣಿನ ಬಗೆಗೆ 18 ಇಂಚಿನದು, ಅಂದರೆ ಸುಮಾರು 40 ಲೀಟರ್ ಹಿಡಿಸುವಂಥದ್ದು ಬೇಕು. ಮೊದಲೇ ದೊಡ್ಡ ಕುಂಡಕ್ಕೆ ಪುಟ್ಟ ಸಸಿಯನ್ನು ಇಳಿಸಿದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ನಿಂತು ಹುಳಿಯುತ್ತದೆ. ಆದ್ದರಿಂದ ಎಂಟು ಇಂಚಿನದರಲ್ಲಿ ಬೆಳೆಸಿ, ತಳದ ತೂತಿನಿಂದ ಬೇರು ಇಣುಕಿದಾಗ ದೊಡ್ಡದಕ್ಕೆ ದಾಟಿಸುವುದು ವಾಡಿಕೆ. ಮಣ್ಣಿನ ಕುಂಡ ಬೇರಿಗೆ ತಂಪು, ಆದರೆ ಭಾರ ಮತ್ತು ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಹಗುರ, ಆದರೆ ಪಶ್ಚಿಮದ ಬಿಸಿಲಿಗೆ ಕಾಯುತ್ತದೆ. ದಪ್ಪ ಬಟ್ಟೆಯ ಗ್ರೋಬ್ಯಾಗ್‌ಗಳಲ್ಲಿ ಬೇರಿಗೆ ಗಾಳಿ ಸಿಗುತ್ತದೆ, ನೀರು ಮಾತ್ರ ಹೆಚ್ಚು ಬೇಕು. ಭಾರದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬರೀ ತೋಟದ ಮಣ್ಣು ತುಂಬಿ ನೀರು ಹಾಕಿದ 40 ಲೀಟರಿನ ಒಂದು ಕುಂಡ 60 ಕಿಲೋ ಮೀರುತ್ತದೆ. ಹಳೆಯ ಕಟ್ಟಡಗಳ ಚಾಚು ಬಾಲ್ಕನಿಯಲ್ಲಿ ಇಂಥ ಕುಂಡಗಳನ್ನು ಹೊರ ಅಂಚಿಗೆ ಸಾಲಾಗಿ ಇಡದೆ ಗೋಡೆಯ ಬದಿಗೆ, ತೊಲೆಯ ಮೇಲೆ ಬರುವಂತೆ ಇಟ್ಟು, ಬಳ್ಳಿಯನ್ನಷ್ಟೇ ದಾರದ ಮೂಲಕ ಹೊರ ಅಂಚಿಗೆ ಕರೆದೊಯ್ಯಬೇಕು. ಕಂಬಿಯ ಹೊರಗೆ ನೇತುಹಾಕುವುದಂತೂ ಯಾವ ಕಾರಣಕ್ಕೂ ಬೇಡ. ಕೆಳಗೆ ಜನ ಓಡಾಡುತ್ತಾರೆ.

ಮಣ್ಣಿನ ಮಿಶ್ರಣ ನೀರನ್ನು ಹಿಡಿಯಬೇಕು, ಆದರೆ ನಿಲ್ಲಿಸಿಕೊಳ್ಳಬಾರದು. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೇಲೆ ಎರಡು ಹಿಡಿ ಬೇವಿನ ಹಿಂಡಿ: ಈ ಲೆಕ್ಕ ಸಾಕಾಗುತ್ತದೆ. ತೆಂಗಿನ ನಾಡಾದ ತಿಪಟೂರು, ಅರಸೀಕೆರೆ ಸೀಮೆಯಿಂದ ಬರುವ ಕೋಕೋಪೀಟ್ ಇಟ್ಟಿಗೆಗಳನ್ನು ನೆನೆಸಿ, ಎರಡು ಸಲ ನೀರು ಬದಲಿಸಿ ಹಿಂಡಿದರೆ ಅದರೊಳಗಿನ ಉಪ್ಪಿನಂಶ ಹೋಗುತ್ತದೆ. ಬೇವಿನ ಹಿಂಡಿ ಬರೀ ಗೊಬ್ಬರವಲ್ಲ. ಈ ಬಳ್ಳಿಯ ಬೇರಿಗೆ ಗಂಟು ಕಟ್ಟುವ ಜಂತುಹುಳುವನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ. ಟೊಮೆಟೊ, ಬದನೆ ಬೆಳೆದ ಹಳೆಯ ಕುಂಡದ ಮಣ್ಣಿನಲ್ಲಿ ಈ ಹುಳು ಇರುವ ಸಂಭವ ಹೆಚ್ಚು. ಅದನ್ನು ಮತ್ತೆ ಬಳಸಬಾರದು.

ಬೀಜದಿಂದಲೂ ಕಡ್ಡಿಯಿಂದಲೂ ಬಳ್ಳಿ ಮಾಡಿಕೊಳ್ಳಬಹುದು. ಆಗಷ್ಟೇ ಹಣ್ಣಿನಿಂದ ತೆಗೆದು ಲೋಳೆ ಉಜ್ಜಿ ತೊಳೆದ ಬೀಜ ಎರಡರಿಂದ ನಾಲ್ಕು ವಾರಗಳಲ್ಲಿ ಮೊಳೆಯುತ್ತದೆ. ಒಣಗಿಸಿ ಇಟ್ಟದ್ದು ಹಟಮಾರಿ. ಬೀಜದ ಸಸಿ ಹೂ ಬಿಡಲು ವರ್ಷವಾದರೂ ಬೇಕು. ಪೆನ್ಸಿಲ್ ದಪ್ಪದ, ಮೂರು-ನಾಲ್ಕು ಗಿಣ್ಣಿನ ಕಡ್ಡಿಯನ್ನು ಮಳೆಗಾಲದ ಆರಂಭದಲ್ಲಿ ನೆಟ್ಟರೆ ತಿಂಗಳಲ್ಲಿ ಬೇರು ಬಿಡುತ್ತದೆ, ತಾಯಿಬಳ್ಳಿಯ ಗುಣವನ್ನೇ ಹೊತ್ತು ಬರುತ್ತದೆ, ಬೀಜದ ಸಸಿಗಿಂತ ಬೇಗ ಹೂವಿಗೂ ಬರುತ್ತದೆ. ಸೊರಗು ರೋಗ ಕಾಡುವ ಕಡೆ ನೇರಳೆ ಬಗೆಯನ್ನು ಹಳದಿಯ ಬೇರಿನ ಮೇಲೆ ಕಸಿ ಮಾಡುತ್ತಾರೆ. ಹಳದಿಯ ಬೇರು ಆ ರೋಗ ತರುವ ಶಿಲೀಂಧ್ರಕ್ಕೂ ಜಂತುಹುಳುವಿಗೂ ಹೆಚ್ಚು ಗಟ್ಟಿ. ಕಸಿ ಬಳ್ಳಿ ಕೊಂಡವರು ಕಸಿಗಂಟಿನ ಕೆಳಗೆ ಚಿಗುರುವುದನ್ನೆಲ್ಲ ಚಿವುಟುತ್ತಿರಬೇಕು. ಇಲ್ಲದಿದ್ದರೆ ಬೇರಿನ ಬಳ್ಳಿಯೇ ಮೇಲುಗೈ ಸಾಧಿಸುತ್ತದೆ.

ಬಳ್ಳಿ ಏರುವುದು ಎಲೆಕಂಕುಳಿನಿಂದ ಹೊರಡುವ ಲತಾತಂತುಗಳ ಬಲದಿಂದ. ಈ ತಂತುಗಳ ಚುರುಕು ಚಾರ್ಲ್ಸ್ ಡಾರ್ವಿನ್ನನನ್ನೇ ಬೆರಗುಗೊಳಿಸಿತ್ತು. ಬಳ್ಳಿಗಳ ಚಲನೆಯ ಮೇಲೆ 1865ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ ಪ್ಯಾಸಿಫ್ಲೋರಾ ಗ್ರಾಸಿಲಿಸ್ ಎಂಬ ಪ್ರಭೇದದ ತಂತು ಮುಟ್ಟಿದ ಅರ್ಧ ನಿಮಿಷದೊಳಗೇ ಬಾಗತೊಡಗಿದ್ದನ್ನು ದಾಖಲಿಸಿದ್ದಾನೆ. ಬಾಲ್ಕನಿಯಲ್ಲೂ ಇದನ್ನು ನೋಡಬಹುದು. ನೆಟ್ಟಗೆ ಚಾಚಿದ ಎಳೆಯ ತಂತುವಿನ ತುದಿಯನ್ನು ಕಡ್ಡಿಯಿಂದ ಮೆಲ್ಲನೆ ಸವರಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕೊಕ್ಕೆಯಾಗುತ್ತದೆ. ಆಸರೆ ಸಿಕ್ಕಿದ ತಂತು ಮೊದಲು ಅದನ್ನು ಸುತ್ತುತ್ತದೆ. ಆಮೇಲೆ ನಡುಭಾಗ ಸುರುಳಿಯಾಗುತ್ತದೆ: ಅರ್ಧ ಬಲಕ್ಕೆ, ಅರ್ಧ ಎಡಕ್ಕೆ, ನಡುವೆ ಒಂದು ನೆಟ್ಟನೆಯ ತುಂಡು. ಎರಡೂ ತುದಿ ಬಿಗಿಯಾಗಿರುವ ಎಳೆ ಮುರಿಯದೆ ಸುರುಳಿಯಾಗಬೇಕಾದರೆ ಬೇರೆ ದಾರಿಯಿಲ್ಲ. ಈ ಸ್ಪ್ರಿಂಗಿನಿಂದಾಗಿ ಗಾಳಿಗೆ ಬಳ್ಳಿ ಓಲಾಡುತ್ತದೆಯೇ ಹೊರತು ಕಿತ್ತುಬರುವುದಿಲ್ಲ. ಹತ್ತನೇ ಮಹಡಿಯ ಗಾಳಿಯನ್ನೂ ಅದು ತಡೆದುಕೊಳ್ಳುವುದು ಹೀಗೆ. ಆದರೆ ತಂತುವಿಗೆ ದಪ್ಪನೆಯ ಉಕ್ಕಿನ ಕೊಳವೆಯನ್ನು ಸುತ್ತಲು ಆಗದು. ಕಂಬಿಗೆ ನೈಲಾನ್ ಬಲೆಯನ್ನೋ ತೆಂಗಿನ ನಾರಿನ ಹುರಿಯನ್ನೋ ಕಟ್ಟಬೇಕು, ಕಣ್ಣುಗಳು ನಾಲ್ಕು-ಐದು ಇಂಚು ಅಗಲವಿರಲಿ. ಬುಡದಿಂದ ಒಂದೇ ಕಾಂಡವನ್ನು ಮೇಲೇರಿಸಿ, ಬಲೆಯ ತಲೆಗೆ ಮುಟ್ಟಿದಾಗ ತುದಿ ಚಿವುಟಿ, ಎರಡು ಕೈಗಳನ್ನು ಎಡಬಲಕ್ಕೆ ಹರಿಸಬೇಕು. ಅವುಗಳಿಂದ ಹೊರಟ ಪಕ್ಕದ ರೆಂಬೆಗಳು ಕೆಳಕ್ಕೆ ಇಳಿಬಿದ್ದಾಗ ಹೂವು ಬರುವುದು ಅವುಗಳಲ್ಲೇ. ಹೂ ಹುಟ್ಟುವುದು ಹೊಸ ಚಿಗುರಿನ ಎಲೆಕಂಕುಳಲ್ಲಿ ಮಾತ್ರ ಎಂಬುದನ್ನು ನೆನಪಿಟ್ಟರೆ ಕತ್ತರಿಯ ಕೆಲಸವೂ ಸುಲಭ.

ಕುಂಡದ ಕೃಷ್ಣಕಮಲಕ್ಕೆ ಹೆಚ್ಚು ಹಾನಿಯಾಗುವುದು ನೀರಿನಿಂದಲೇ, ಹೆಚ್ಚಾಗಿಯೂ ಕಡಿಮೆಯಾಗಿಯೂ. ಬೇರು ಮೇಲ್ಮಟ್ಟದ್ದು, ಎಲೆಗಳೋ ನೂರಾರು. ಬೇಸಿಗೆಯಲ್ಲಿ ಒಂದು ದಿನ ತಪ್ಪಿದರೂ ಮೊಗ್ಗುಗಳು ಹಳದಿಯಾಗಿ ಉದುರುತ್ತವೆ, ಎಳೆಗಾಯಿ ಸುಕ್ಕಾಗುತ್ತದೆ. ಮಾರ್ಚ್‌ನಿಂದ ಮೇ ವರೆಗೆ ದಿನವೂ ಬೆಳಿಗ್ಗೆ, ಬಿಸಿಗಾಳಿಯ ದಿನಗಳಲ್ಲಿ ಸಂಜೆಯೂ, ತಳದ ತೂತಿನಿಂದ ಹೊರಬರುವಷ್ಟು ನೀರು ಕೊಡಬೇಕು. ಮಳೆಗಾಲದಲ್ಲಿ ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ, ಒಣಗಿದ್ದರಷ್ಟೇ ಕೊಡಬೇಕು. ಕುಂಡದಡಿಯ ತಟ್ಟೆಯಲ್ಲಿ ನೀರು ನಿಂತಿದ್ದರೆ ಬುಡಕೊಳೆ ಖಚಿತ. ನೀರು ಚೆನ್ನಾಗಿ ಕೊಟ್ಟಿದ್ದರೂ ಬಳ್ಳಿ ಬಾಡಿದಂತೆ ಕಂಡರೆ ಇನ್ನಷ್ಟು ನೀರು ಸುರಿಯುವುದು ಸಾಮಾನ್ಯವಾಗಿ ಆಗುವ ಅನಾಹುತ. ಬೇರು ಕೊಳೆತು ನೀರು ಹೀರಲಾರದೆ ಬಾಡಿದೆಯೇ ಎಂದು ಮೊದಲು ನೋಡಬೇಕು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಬರುವುದು ಗಡಸು ಬೋರ್‌ವೆಲ್ ನೀರು. ಅದನ್ನೇ ತಿಂಗಳುಗಟ್ಟಲೆ ಹಾಕಿದಾಗ ಮಣ್ಣು ಕ್ಷಾರವಾಗಿ, ಹೊಸ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಗೆ ತಿರುಗುತ್ತವೆ. ಇದು ಕಬ್ಬಿಣದ ಕೊರತೆಯ ಗುರುತು. ಮಳೆನೀರು ಹಿಡಿದು ಆಗಾಗ ಧಾರಾಳವಾಗಿ ಹಾಯಿಸಿದರೆ, ಕೀಲೇಟ್ ಮಾಡಿದ ಕಬ್ಬಿಣವನ್ನು ಎಲೆಗೆ ಸಿಂಪಡಿಸಿದರೆ ಸರಿಹೋಗುತ್ತದೆ. ನೀರು ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅದರಲ್ಲಿ ಲವಣಗಳು ಸಾಂದ್ರವಾಗಿರುತ್ತವೆ. ನೆಲ ಒರೆಸಲು ಅದು ಸರಿ, ಕುಂಡಕ್ಕೆ ಬೇಡ.

ಗೊಬ್ಬರ ಮಿತವಾಗಿ, ಆದರೆ ತಪ್ಪದೆ. ಸಾರಜನಕ ಹೆಚ್ಚಾದ ಬಳ್ಳಿ ಕಡುಹಸಿರು ಎಲೆ ಹೊತ್ತು ಬಲೆ ತುಂಬುತ್ತದೆ, ಹೂವಿನ ಸುದ್ದಿ ಇರುವುದಿಲ್ಲ. ಬೆಳೆಯುವ ಮೊದಲ ಆರು ತಿಂಗಳು ಎರೆಗೊಬ್ಬರ ಸಾಕು. ಆಮೇಲೆ ಪೊಟ್ಯಾಷ್ ಪಾಲು ಹೆಚ್ಚಿರುವ ಗೊಬ್ಬರವನ್ನು ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಸೌದೆ ಒಲೆಯ ಬೂದಿ ಸಿಗುವವರು ತಿಂಗಳಿಗೊಂದು ಹಿಡಿ ಬೆರೆಸಬಹುದು, ಆದರೆ ಗಡಸು ನೀರಿನ ಊರಿನಲ್ಲಿ ಬೂದಿಯೂ ಮಣ್ಣನ್ನು ಇನ್ನಷ್ಟು ಕ್ಷಾರವಾಗಿಸುತ್ತದೆ.

ಹೂವಿನ ಆಯುಸ್ಸು ಒಂದೇ ದಿನ, ಅದೂ ಪೂರ್ತಿ ದಿನವಲ್ಲ. ನೇರಳೆ ಬಗೆಯ ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ಹಳದಿಯದು ಮಧ್ಯಾಹ್ನ ಅರಳಿ ರಾತ್ರಿ ಮುಚ್ಚುತ್ತದೆ. ಮುಚ್ಚಿದ ಹೂ ಮತ್ತೆ ಅರಳುವುದಿಲ್ಲ. ಕಾಯಿ ಕಟ್ಟುವುದೆಲ್ಲ ಈ ಕೆಲವೇ ಗಂಟೆಗಳ ಮೇಲೆ ನಿಂತಿದೆ, ಅದಕ್ಕಾಗಿ ಹೂವೇ ಮಾಡಿಕೊಳ್ಳುವ ಸಿದ್ಧತೆ ಬೆರಗು ಹುಟ್ಟಿಸುವಂಥದ್ದು. ಅರಳಿದ ಕೂಡಲೇ ನೋಡಿದರೆ ಮೂರು ಶಲಾಕೆಗಳು ಮೇಲ್ಮುಖವಾಗಿ ನಿಂತಿರುತ್ತವೆ. ಸುಮಾರು ಒಂದು ಗಂಟೆಯೊಳಗೆ ಅವು ಹೊರಕ್ಕೆ, ಕೆಳಕ್ಕೆ ಬಾಗಿ ಪರಾಗಕೋಶಗಳ ಮಟ್ಟಕ್ಕೆ ಇಳಿಯುತ್ತವೆ. ಮಕರಂದ ಇರುವುದು ಕಂಬದ ಬುಡದಲ್ಲಿ, ಒಂದು ತೆಳು ಮುಚ್ಚಳದ ಅಡಿಯಲ್ಲಿ. ದಪ್ಪ ಮೈಯ ಬಡಗಿ ದುಂಬಿ ಎಳೆಗಳ ಮೇಲೆ ಇಳಿದು, ಮುಚ್ಚಳದ ಸಂದಿಗೆ ಬಾಯಿ ತೂರಿಸಿ ಕಂಬದ ಸುತ್ತ ತಿರುಗುವಾಗ ಅದರ ಬೆನ್ನಿಗೆ ಮೇಲಿನಿಂದ ಪರಾಗ ಬಳಿಯುತ್ತದೆ. ಮುಂದಿನ ಹೂವಿನಲ್ಲಿ ಬಾಗಿದ ಶಲಾಕೆಯ ತುದಿ ಅದೇ ಬೆನ್ನನ್ನು ಸವರುತ್ತದೆ. ತುಡುವೆ, ಕೋಲುಜೇನುಗಳ ಮೈ ಚಿಕ್ಕದು. ಅವು ಕಂಬದ ಕೆಳಗೇ ಓಡಾಡಿ, ಶಲಾಕೆಯನ್ನು ಮುಟ್ಟದೆ ಪರಾಗ ಕೊಂಡೊಯ್ಯುತ್ತವೆ. ಕೆಲವು ಹೂಗಳಲ್ಲಿ ಶಲಾಕೆ ಬಾಗುವುದೇ ಇಲ್ಲ. ಅಂಥವು ಪರಾಗ ಕೊಡುತ್ತವೆ, ಕಾಯಿ ಕಟ್ಟುವುದಿಲ್ಲ. ಉದುರಿದಾಗ ಆರೈಕೆ ಸಾಲದಾಯಿತೆಂದು ಕೊರಗಬೇಕಿಲ್ಲ.

ಬಡಗಿ ದುಂಬಿ ಒಣ ಮರದ ತುಂಡು, ಬಿದಿರಿನ ಬೊಂಬುಗಳಲ್ಲಿ ಗೂಡು ಕೊರೆಯುತ್ತದೆ. ಹೊಸ ಬಡಾವಣೆಗಳಲ್ಲಿ ಇವಕ್ಕೆ ನೆಲೆ ಕಡಿಮೆ. ಬಾಲ್ಕನಿಯ ಮಳೆ ಬೀಳದ ಮೂಲೆಯಲ್ಲಿ ಒಣ ಬಿದಿರಿನ ಎರಡು ತುಂಡುಗಳನ್ನು ಅಡ್ಡಲಾಗಿ ಕಟ್ಟಿಟ್ಟರೆ ಅವು ಬರುವ ಸಾಧ್ಯತೆ ಇದೆ. ಗುಂಯ್‌ಗುಟ್ಟುವ ಸದ್ದಿಗೆ ಹೆದರಿ ಓಡಿಸುವವರೇ ಹೆಚ್ಚು. ಅದು ತಾನಾಗಿ ಮೈಮೇಲೆ ಬರುವ ಜೀವಿಯಲ್ಲ. ದುಂಬಿ ಬಾರದ ಎತ್ತರದ ಮಹಡಿಗಳಲ್ಲಿ ಕೆಲಸವನ್ನು ಕೈಯಿಂದ ಮಾಡಬೇಕು. ಮೃದುವಾದ ಕುಂಚದಿಂದ ಪರಾಗಕೋಶದ ಹಳದಿ ಹುಡಿಯನ್ನು ತೆಗೆದು, ಮೂರೂ ಶಲಾಕೆಗಳ ಅಗಲವಾದ ತುದಿಗೆ ಧಾರಾಳವಾಗಿ ಬಳಿಯಬೇಕು. ಹಣ್ಣಿನೊಳಗಿನ ಒಂದೊಂದು ಬೀಜಕ್ಕೂ ಒಂದೊಂದು ಪರಾಗಕಣ ಬೇಕು. ಕಡಿಮೆ ಬಿದ್ದರೆ ಕಾಯಿ ಪೊಳ್ಳಾಗುತ್ತದೆ. ಒದ್ದೆಯಾದ ಪರಾಗ ಒಡೆದುಹೋಗುತ್ತದೆ. ಆದ್ದರಿಂದ ಮಳೆ ಹನಿಯುವಾಗ ಮಾಡಿದ ಪರಾಗಸ್ಪರ್ಶ ವ್ಯರ್ಥ, ಮಾಡಿದ ಮೇಲೂ ಒಂದೆರಡು ಗಂಟೆ ಹೂ ನೆನೆಯಬಾರದು.

ಇಲ್ಲೊಂದು ತೊಡಕಿದೆ. ನೇರಳೆ ಬಗೆಗೆ ತನ್ನದೇ ಪರಾಗ ಸಾಕು. ಹಳದಿ ಬಗೆ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಬೇರೊಂದು ಬಳ್ಳಿಯದೇ ಆಗಬೇಕು. ಆ ಬೇರೊಂದು ಬಳ್ಳಿ ಇದೇ ತಾಯಿಯ ಕಡ್ಡಿಯಿಂದ ಬಂದದ್ದಾದರೆ ಅದು ಬೇರೆಯದಲ್ಲ, ಇದೇ ಬಳ್ಳಿಯ ಇನ್ನೊಂದು ತುಂಡು. ಪಕ್ಕದ ಮನೆಯಿಂದ ಎರಡು ಕಡ್ಡಿ ತಂದು ಎರಡು ಕುಂಡದಲ್ಲಿ ನೆಟ್ಟು, ಹೂ ಬಿಟ್ಟರೂ ಕಾಯಿ ಕಾಣದೆ ಬೇಸತ್ತವರು ಹಲವರಿದ್ದಾರೆ. ಬೇರೆ ಬೇರೆ ಕಡೆಯಿಂದ ಬಂದ ಎರಡು ಬಳ್ಳಿ ಇಟ್ಟುಕೊಳ್ಳುವುದು, ಇಲ್ಲವೇ ಒಂದೇ ಕುಂಡಕ್ಕೆ ಜಾಗವಿದ್ದರೆ ನೇರಳೆಯನ್ನು ಆರಿಸುವುದು ಇದಕ್ಕೆ ಪರಿಹಾರ. ನೀಲಿ ಸೆರೂಲಿಯಾ ಕೂಡ ಒಂಟಿಯಾಗಿದ್ದರೆ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ, ಆದರೆ ಅದನ್ನು ಯಾರೂ ಹಣ್ಣಿಗೆಂದು ಬೆಳೆಸುವುದಿಲ್ಲ.

ಕಾಯಿ ಕಟ್ಟಿದ ಮೇಲೆ ಹಣ್ಣಾಗಲು ಎರಡರಿಂದ ಎರಡೂವರೆ ತಿಂಗಳು. ಹಣ್ಣನ್ನು ಕೀಳಬಾರದು, ಮಾಗಿದ್ದು ತಾನೇ ಉದುರುತ್ತದೆ. ಬಾಲ್ಕನಿಯಿಂದ ಕೆಳಗೆ ಬೀಳದಂತೆ ಬಲೆಯ ಕೆಳ ಅಂಚನ್ನು ಒಳಕ್ಕೆ ಮಡಚಿ ಕಟ್ಟಬೇಕು. ಸಿಪ್ಪೆ ಸ್ವಲ್ಪ ಸುಕ್ಕಾದ ಹಣ್ಣಿನಲ್ಲಿ ಹುಳಿ ಇಳಿದು ಸಿಹಿ ಮುಂದಾಗುತ್ತದೆ. ಎಲೆ ಮತ್ತು ಎಳೆಗಾಯಿಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತಗಳಿವೆ. ಮಕ್ಕಳು ಹಸಿಗಾಯಿ ಕಚ್ಚದಂತೆ, ಸಾಕುನಾಯಿ, ಬೆಕ್ಕುಗಳು ಎಲೆ ಮೆಲ್ಲದಂತೆ ನೋಡಿಕೊಳ್ಳಬೇಕು.

ಆ ವಿಷವನ್ನೇ ಉಂಡು ಬದುಕುವ ಜೀವಿಯೂ ಇದೆ. ಟಾನಿ ಕೋಸ್ಟರ್ ಎಂಬ ಕಿತ್ತಳೆ ಬಣ್ಣದ, ಕಪ್ಪು ಚುಕ್ಕೆಯ ಚಿಟ್ಟೆ ಎಲೆಯಡಿಯಲ್ಲಿ ಹಳದಿ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಹುಟ್ಟಿದ ಕಂದುಗೆಂಪು, ಮುಳ್ಳುಮೈಯ ಹುಳುಗಳು ಒಟ್ಟಾಗಿ ಎಲೆ ತಿನ್ನುತ್ತವೆ. ಈ ಚಿಟ್ಟೆಗಳು ಹಕ್ಕಿಗಳಿಗೆ ರುಚಿಸುವುದಿಲ್ಲ. ಹಾಗಾಗಿ ಅವಸರವಿಲ್ಲದೆ ನಿಧಾನವಾಗಿ ಹಾರುತ್ತವೆ. ಭಾರತ, ಶ್ರೀಲಂಕಾದ ಈ ಚಿಟ್ಟೆ ಆಗ್ನೇಯ ಏಷ್ಯಾದ ಮೂಲಕ ಹರಡುತ್ತ 2012ರಲ್ಲಿ ಆಸ್ಟ್ರೇಲಿಯಾವನ್ನೂ ತಲುಪಿತು. ಬೆಳೆದ ಬಳ್ಳಿಗೆ ಒಂದು ಗುಂಪಿನ ಹುಳುಗಳಿಂದ ಪ್ರಾಣಭಯವಿಲ್ಲ, ಒಂದು ರೆಂಬೆಯನ್ನು ಅವಕ್ಕೇ ಬಿಟ್ಟುಕೊಡುವುದು ಉತ್ತಮ. ಪುಟ್ಟ ಸಸಿಯಾದರೆ ಮೊಟ್ಟೆ ಇರುವ ಎಲೆಯನ್ನು ಕಿತ್ತು ಬೇಲಿಯ ಕುಕ್ಕಿಬಳ್ಳಿಯ ಮೇಲೆ ಇಟ್ಟುಬಂದರೆ ಎರಡೂ ಉಳಿಯುತ್ತವೆ. ನಿಜವಾದ ಕಾಟ ಹಿಟ್ಟು ತಿಗಣೆಯದು. ಗಾಳಿ ಆಡದ ಬಾಲ್ಕನಿಗಳಲ್ಲಿ ಅದು ಗಿಣ್ಣುಗಳಲ್ಲಿ ಬಿಳಿ ಹತ್ತಿಯಂತೆ ಕೂರುತ್ತದೆ, ಇರುವೆಗಳು ಅದನ್ನು ಸಾಕುತ್ತವೆ. ಈ ಬಳ್ಳಿಯ ಎಲೆತೊಟ್ಟಿನಲ್ಲೂ ಮಕರಂದ ಗ್ರಂಥಿಗಳಿರುವುದರಿಂದ ಇರುವೆ ಕಂಡಮಾತ್ರಕ್ಕೆ ತಿಗಣೆ ಇದೆ ಎಂದಲ್ಲ, ಗಿಣ್ಣು ತಿರುಗಿಸಿ ನೋಡಬೇಕು. ಮೊದಲು ಜೋರಾದ ನೀರಿನಿಂದ ತೊಳೆದು, ಆಮೇಲೆ ಲೀಟರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಕೆಲವು ಹನಿ ಸೋಪುದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ನೇರಳೆ ಹೂ ಮುಚ್ಚಿರುವ ಹೊತ್ತು ಅದು, ದುಂಬಿಗಳಿಗೆ ತೊಂದರೆಯಾಗುವುದಿಲ್ಲ. ಹಳದಿಗಾದರೆ ಹೂ ಅರಳುವ ಮೊದಲೇ, ಬೆಳಗಿನ ಜಾವ ಸಿಂಪಡಿಸಬೇಕು. ಎಲೆ ಮುದುಡಿ, ಹಣ್ಣು ಕಲ್ಲಿನಂತೆ ಗಟ್ಟಿಯಾಗಿ ವಿಕಾರವಾದರೆ ಅದು ಸಸ್ಯಹೇನು ಹರಡುವ ವೈರಸ್. ಅದಕ್ಕೆ ಮದ್ದಿಲ್ಲ, ಬಳ್ಳಿಯನ್ನು ಕಿತ್ತು ಸುಡಬೇಕು.

ಕೊಯ್ಲು ಮುಗಿದ ಮೇಲೆ ಹಣ್ಣು ಬಿಟ್ಟ ಪಕ್ಕದ ರೆಂಬೆಗಳನ್ನು ನಾಲ್ಕೈದು ಕಣ್ಣು ಉಳಿಸಿ ಕತ್ತರಿಸಬೇಕು. ಹಳೆಯ ದಪ್ಪ ಕಾಂಡವನ್ನು ಬುಡಕ್ಕೆ ಕಡಿದರೆ ಮತ್ತೆ ಚಿಗುರುವ ಭರವಸೆ ಇಲ್ಲ. ವರ್ಷಕ್ಕೊಮ್ಮೆ ಮೇಲಿನ ಎರಡು ಇಂಚು ಮಣ್ಣು ಕೆರೆದು ಹೊಸ ಗೊಬ್ಬರ ತುಂಬಬೇಕು. ಇಷ್ಟೆಲ್ಲ ಮಾಡಿದರೂ ಹಣ್ಣಿನ ಬಗೆಯ ಬಳ್ಳಿ ನಾಲ್ಕೈದು ವರ್ಷಕ್ಕೆ ಮುಪ್ಪಾಗುತ್ತದೆ, ಕುಂಡದಲ್ಲಿ ಇನ್ನೂ ಬೇಗ. ಮೂರನೆಯ ವರ್ಷದ ಮಳೆಗಾಲದಲ್ಲೇ ಚೆನ್ನಾಗಿ ಹಣ್ಣು ಕೊಟ್ಟ ರೆಂಬೆಯಿಂದ ಎರಡು-ಮೂರು ಕಡ್ಡಿ ಬೇರು ಬರಿಸಿಟ್ಟುಕೊಳ್ಳಿ. ಹಳೆಯದು ಸೊರಗುವ ಹೊತ್ತಿಗೆ ಹೊಸದು ಬಲೆಯ ತಲೆ ಮುಟ್ಟಿರುತ್ತದೆ.